ಆರು ಈಜಿಪ್ಟ್ ದೇಗುಲಗಳಿಗೆ ಕಟ್ಟು ಹಾಕಿದ್ದು

"ನಾಲ್ಕು ಕಡ್ಡಿ, ಒಂದು ಗಾಜು, ಹಿಂದೆ ಒಂದು ರಟ್ಟು. ಅದಕ್ಕೆ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಅದೇನು ಮಾಡ್ತೀರಿ ಅತ್ತಿಗೆ?" ಎಂದು ನನ್ನ ನಾದಿನಿ ಮೈಸೂರಿನಿಂದ ಫೋನು ಮಾಡಿದಾಗೆಲ್ಲ ಕೇಳುತ್ತಿದ್ದಳು. ಹದಿನೆಂಟು ವರ್ಷ ಕೇಳಿದಳು. ಹದಿನೆಂಟು ವರ್ಷವೂ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಈಗ ಮಣಿಕಟ್ಟು ನೋವೆಂದು ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ, ನಮ್ಮ ವರ್ಕ್‌ಶಾಪಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಅದನ್ನೇ ಬೇರೆ ಮಾತಿನಲ್ಲಿ ಕೇಳಿದರು: "ಆಂಟಿ, ಈ ಕೆಲಸದಲ್ಲಿ ಕಷ್ಟ ಏನು?" ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾದಿನಿ ಓದಿದರೂ ಬೇಡವೆನ್ನುವುದಿಲ್ಲ.

ಚಿತ್ರಗಳಿಗೆ ಕಟ್ಟು ಹಾಕುವ ನಮ್ಮ ವರ್ಕ್‌ಶಾಪ್ ಇರುವುದು ಒಮಾನಿನಲ್ಲಿ, ಮಸ್ಕತ್ತಿನ ಅಂಚಿನ ಅಲ್ ಅಮೇರಾತಿನಲ್ಲಿ, ಒಂದು ಟೈರ್ ಅಂಗಡಿಗೂ ಒಂದು ಲಾಂಡ್ರಿಗೂ ನಡುವೆ. ನನ್ನ ಯಜಮಾನರಿಗೆ ರುಸೈಲ್‌ನ ಕಾರ್ಖಾನೆಯಲ್ಲಿ ಕೆಲಸ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನನ್ನ ಹಗಲು ಉದ್ದವಾಯಿತು. ಹೊಲಿಗೆ ಗೊತ್ತಿದ್ದರಿಂದ ನೇರವಾಗಿ ಕತ್ತರಿಸಲು ಬರುತ್ತಿತ್ತು, ಅಷ್ಟೇ ಯೋಗ್ಯತೆ. ಮ್ಯಾನೇಜರ್ ಪಿಂಟೋ ಸರ್ ಮಂಗಳೂರಿನವರು. ಸಂದರ್ಶನವೆಂದರೆ, ಒಂದು ರಟ್ಟು ಮತ್ತು ಚಾಕು ಮುಂದಿಟ್ಟು "ಒಂದು ಗೆರೆ ಕತ್ತರಿಸಿ ನೋಡುವ" ಅಂದರು. ಕತ್ತರಿಸಿದೆ. ಕನ್ನಡಕದ ಮೇಲಿನಿಂದ ಒಂದು ಕಣ್ಣು ಮುಚ್ಚಿ ನೋಡಿದರು. "ನೇರ ಉಂಟು. ನಾಳೆ ಬನ್ನಿ."

ಮರುದಿನ ಶುಕ್ರವಾರ. ರಜೆ. ಹೋಗಿ ಬಾಗಿಲ ಮುಂದೆ ಅರ್ಧ ಗಂಟೆ ನಿಂತು ಬಂದೆ.

ಮೊದಲ ವಾರದಲ್ಲೇ ಒಂದು ಎಡವಟ್ಟಾಯಿತು. ಚಿತ್ರದ ಸುತ್ತ ಇಡುವ, ನಡುವೆ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟಿಗೆ ಮೌಂಟ್ ಎನ್ನುತ್ತೇವೆ. ಹಾಲಿನಂಥ ಬಿಳಿ ಮೌಂಟನ್ನು ಎತ್ತಿ ಪಿಂಟೋ ಸರ್ ಕೈಗೆ ಕೊಟ್ಟೆ. ಅದರ ಮೂಲೆಯಲ್ಲಿ ಒಂದು ಹಳದಿ ಹೆಬ್ಬೆಟ್ಟು, ರೇಖೆ ರೇಖೆ ಸಮೇತ. ಬೆಳಗ್ಗೆ ಒಗ್ಗರಣೆಗೆ ಹಾಕಿದ ಅರಿಶಿನ. ಸರ್ ಅದನ್ನು ಬಹಳ ಹೊತ್ತು ನೋಡಿ, "ಸುಮಿತ್ರಮ್ಮ, ರಿಜಿಸ್ಟ್ರಾರ್ ಆಫೀಸಿಗೆ ಆದ್ರೆ ಒಳ್ಳೇದಿತ್ತು" ಅಂದರು. ಅಂದಿನಿಂದ ನನ್ನ ಅಡುಗೆಯ ಅರಿಶಿನ ಚಮಚದಲ್ಲೇ ಬೀಳುತ್ತದೆ.

ಗಾಜು ಕತ್ತರಿಸುತ್ತಿದ್ದವನು ಇಸ್ಮಾಯಿಲ್. ಬಂಟ್ವಾಳದ ಕಡೆಯ ಬ್ಯಾರಿ, ಮೂರು ಮಕ್ಕಳ ತಂದೆ, ನನಗಿಂತ ಆರು ವರ್ಷ ಚಿಕ್ಕವನು. ಊರಿನಲ್ಲಿರುವ ಹೆಂಡತಿಯೊಡನೆ ಬ್ಯಾರಿಯಲ್ಲಿ, ನನ್ನೊಡನೆ ಕನ್ನಡದಲ್ಲಿ, ಗಿರಾಕಿಗಳೊಡನೆ ಹಿಂದಿ, ಅರಬಿಗಳಲ್ಲಿ, ಅಳತೆ ತಪ್ಪಿದಾಗ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಿದ್ದ. ಒಮ್ಮೆ ನಾವಿಬ್ಬರೂ ಸೇರಿ ಒಂದು ಆಫೀಸಿನ ನವ್ಯ ಚಿತ್ರಕ್ಕೆ ಕೊಕ್ಕೆಯನ್ನು ಕೆಳಭಾಗಕ್ಕೆ ಹಾಕಿಬಿಟ್ಟೆವು. ಚಿತ್ರ ಎರಡು ವರ್ಷ ತಲೆಕೆಳಗಾಗಿ ತೂಗಿತು. ಒಂದು ದಿನ ಬರೆದ ಕಲಾವಿದನೇ ಬಂದು, ತುಂಬ ಹೊತ್ತು ನಿಂತು ನೋಡಿ, "ಹೀಗೇ ಇರಲಿ" ಅಂದನಂತೆ. ಎಲ್ಲ ತಪ್ಪುಗಳಿಗೂ ಅಂಥ ಅದೃಷ್ಟ ಇರುವುದಿಲ್ಲ.

ನಾನು ಸೇರಿದಾಗ ಚಿತ್ರವನ್ನು ರಟ್ಟಿಗೆ ಹಿಡಿಸಲು ಸಾದಾ ಅಂಟುಪಟ್ಟಿ ಬಳಸುತ್ತಿದ್ದೆವು. ಕೆಲವು ವರ್ಷಗಳಲ್ಲಿ ಅದು ಕಾಗದದ ಮೇಲೆ ಚಹಾ ಚೆಲ್ಲಿದಂತೆ ಕಲೆ ಬಿಡುತ್ತದೆ ಎಂದು ಗೊತ್ತಾದ ಮೇಲೆ ಗೋಧಿಹಿಟ್ಟಿನ ಸರಿ ಬಂತು. ಅದನ್ನು ಗಂಟಿಲ್ಲದಂತೆ ಕಾಯಿಸುವುದು ನನ್ನ ಪಾಲಿನ ಕೆಲಸ. ಮಗಳಿಗೆ ರಾಗಿ ಸರಿ ಮಾಡಿದ ಕೈ, ಕಲಿಯಬೇಕಾಗಿ ಬರಲಿಲ್ಲ. ಈಗ ಮೌಂಟ್ ಕತ್ತರಿಸುವುದು ಕಂಪ್ಯೂಟರ್. ಹಳೆಯ ಕಾಗದದ ಕೊಳೆ ತೆಗೆಯಲು ರಬ್ಬರಿನ ಪುಡಿ ಡಬ್ಬಿಗಳಲ್ಲಿ ಬರುತ್ತದೆ. ನಮ್ಮ ಕಾಲದಲ್ಲಿ ಆ ಕೊಳೆ ತೆಗೆಯುತ್ತಿದ್ದದ್ದು ಖುಬೂಸ್. ಹೌದು, ತಿನ್ನುವ ರೊಟ್ಟಿಯೇ. ಹೊಸ ಹುಡುಗಿಯರು ನಂಬಲಿಲ್ಲ. ಮೃದುವಾದ ಖುಬೂಸಿನ ಒಳಭಾಗವನ್ನು ಉಂಡೆ ಮಾಡಿ ಕಾಗದದ ಅಂಚಿನ ಮೇಲೆ ಮೆಲ್ಲನೆ ಉರುಳಿಸಿದರೆ ನೂರು ವರ್ಷದ ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಪಿಂಟೋ ಸರ್ ಇದನ್ನು ಮುಂಬಯಿಯ ಒಬ್ಬ ಮುದುಕರಿಂದ ಕಲಿತಿದ್ದರು. ಪಕ್ಕದ ಬೀದಿಯ ಬೇಕರಿಯಿಂದ ಐದು ಖುಬೂಸ್ ತರುವುದು, ಎರಡರಲ್ಲಿ ಕಾಗದ ಒರೆಸುವುದು, ಉಳಿದ ಮೂರನ್ನು ಇಸ್ಮಾಯಿಲ್ ಚಹಾದಲ್ಲಿ ಅದ್ದಿ ತಿನ್ನುವುದು, ಇದು ನಮ್ಮ ಪದ್ಧತಿ. ಈ ಪದ್ಧತಿಯ ಮೂರನೆಯ ಭಾಗ ಎಷ್ಟು ಮುಖ್ಯವೆಂದು ನಮಗೆ ತಿಳಿದದ್ದು ಉಸ್ತಾದ್ ಸಾಲಿಂ ಅವರ ಕೆಲಸದಲ್ಲಿ.

ಅವರು ಮೂರು ಗಂಟೆ ದಾರಿಯ ಇಬ್ರಿಯವರು, ನಿವೃತ್ತ ಹೆಡ್‌ಮಾಸ್ಟರು. ಒಂದು ಬೆಳಗ್ಗೆ ಇಸ್ತ್ರಿ ಮುರಿಯದ ಬಿಳಿ ನಿಲುವಂಗಿ ದಿಶ್‌ದಾಶಾ ತೊಟ್ಟು, ಹೆಗಲ ಮೇಲೆ ತೋಟಕ್ಕೆ ನೀರು ಹಾಯಿಸುವ ದಪ್ಪ ಪ್ಲಾಸ್ಟಿಕ್ ಪೈಪಿನ ತುಂಡು ಹೊತ್ತು ಒಳಗೆ ಬಂದರು.

"ಪ್ಲಂಬರ್ ಅಂಗಡಿ ಆಚೆ ಉಂಟು ಅಂತ ಹೇಳ್ಲಾ ಅಕ್ಕ?" ಎಂದು ಇಸ್ಮಾಯಿಲ್ ಪಿಸುಗುಟ್ಟಿದ.

ಉಸ್ತಾದರು ಪೈಪಿನ ಬಾಯಿಯ ಬಟ್ಟೆ ತೆಗೆದು ಮೇಜಿನ ಮೇಲೆ ಕುಟ್ಟಿದರು. ಸುರುಳಿ ಸುತ್ತಿದ ಆರು ದೊಡ್ಡ ಕಾಗದಗಳು ಜಾರಿ ಬಿದ್ದವು. ಪಿಂಟೋ ಸರ್ ಒಂದನ್ನು ಎರಡು ಬೆರಳಷ್ಟು ಬಿಡಿಸಿ ನೋಡಿ, ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ಕಲ್ಲಚ್ಚು," ಅಂದರು ನನಗೆ. "ಕಲ್ಲಿನ ಮೇಲೆ ಎಣ್ಣೆ ಬಳಪದಲ್ಲಿ ಬರೆದು ಒತ್ತಿ ತೆಗೆದದ್ದು. ಬಣ್ಣ ಆಮೇಲೆ ಕೈಯಲ್ಲಿ ತುಂಬಿದ್ದು. ನೂರೆಂಬತ್ತು ವರ್ಷದ ಹತ್ರ ಆಗಿರ್ಬೇಕು. ಇದನ್ನು ಪೈಪಿನಲ್ಲಿ ತಂದಿದ್ದಾರೆ ಮಾರಾಯ್ರೇ!"

ಸ್ಕಾಟ್ಲೆಂಡಿನ ಒಬ್ಬ ಚಿತ್ರಕಾರ ನೈಲ್ ನದಿಯ ಮೇಲೆ ದೋಣಿಯಲ್ಲಿ ಹೋಗುತ್ತ ಹಳೆಯ ದೇವಾಲಯಗಳನ್ನು ಬರೆದುಕೊಂಡು ಬಂದನಂತೆ. ಲಂಡನ್ನಿನಲ್ಲಿ ಅವನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕಿದರಂತೆ. ಉಸ್ತಾದರ ಸೋದರಳಿಯ ಅಲ್ಲಿ ಓದುವಾಗ ಹಳೆಯ ಚಿತ್ರಗಳ ಅಂಗಡಿಯಲ್ಲಿ ಕಂಡು, ಮಾವನಿಗೆ ಫೋಟೋ ಕಳಿಸಿದ್ದ. ಮಾವ ಒಂದು ಚಿತ್ರ ನೋಡಿ ಆರನ್ನೂ ಕೊಂಡರು. ಆ ಒಂದು, ಎಡ್ಫು ಎಂಬ ಊರಿನ ದೇವಾಲಯ.

ಅದೇಕೆ ಎಂದು ಕೇಳಿದ್ದಕ್ಕೆ ಉಸ್ತಾದರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಅಂದು ರಾತ್ರಿಯೇ ದಿನಚರಿಯಲ್ಲಿ ಬರೆದಿಟ್ಟೆ. ಅವರು ಚಿಕ್ಕವರಿದ್ದಾಗ ಇಬ್ರಿಯ ಶಾಲೆಗೆ ಈಜಿಪ್ಟಿನಿಂದ ಮೇಷ್ಟ್ರುಗಳು ಬರುತ್ತಿದ್ದರು. ಉಸ್ತಾದ್ ಫೌಜಿ ಎಂಬವರು ಎಡ್ಫುವಿನವರು. "ನಮ್ಮ ಪೂರ್ವಿಕರ ಮನೆ ದೇವಾಲಯದ ಚಾವಣಿಯ ಮೇಲಿತ್ತು" ಎಂದು ಪಾಠದ ನಡುವೆ ಒಮ್ಮೆ ಹೇಳಿದರು. ಇಡೀ ತರಗತಿ ನಕ್ಕಿತು. ಹತ್ತು ವರ್ಷದ ಸಾಲಿಂ ಎದ್ದು ನಿಂತು, "ಹಾಗಾದರೆ ನಮ್ಮ ಒಂಟೆ ಖರ್ಜೂರದ ಮರದ ಮೇಲೆ ಮಲಗುತ್ತದೆ ಉಸ್ತಾದ್" ಅಂದ. ಮೇಷ್ಟ್ರು ಹೊಡೆಯಲಿಲ್ಲ. ಬೋರ್ಡಿನ ಕಡೆ ತಿರುಗಿದರು. ಆಮೇಲೆ ಅಲ್ಲಿದ್ದಷ್ಟು ಕಾಲ ತಮ್ಮ ಊರಿನ ಮಾತೆತ್ತಲಿಲ್ಲ.

"ನಾನೂ ಮೂವತ್ತು ವರ್ಷ ಮೇಷ್ಟ್ರಾಗಿದ್ದೆ," ಅಂದರು ಉಸ್ತಾದ್ ಸಾಲಿಂ. "ಮಕ್ಕಳು ನಂಬದಿದ್ದರೆ ಹೇಗಾಗುತ್ತದೆಂದು ಈಗ ಗೊತ್ತು. ಈ ಚಿತ್ರದಲ್ಲಿ ನೋಡಿ, ದೇವಾಲಯ ಕತ್ತಿನವರೆಗೆ ಮರಳಿನಲ್ಲಿ ಹೂತಿದೆ. ಚಾವಣಿಯ ಮೇಲೆ ಮನೆಗಳಿವೆ. ಅವರು ಹೇಳಿದ್ದು ನಿಜ."

ಉಸ್ತಾದ್ ಫೌಜಿಯವರಿಗೆ ಎಂಬತ್ತು ದಾಟಿತ್ತು. ಮಸ್ಕತ್ತಿನಲ್ಲಿ ಕೆಲಸದಲ್ಲಿರುವ ಮಗನನ್ನು ನೋಡಲು ಈದ್ ಕಳೆದು ಬರುತ್ತಿದ್ದರು. ಇಬ್ರಿಗೆ ಒಂದು ದಿನ, ಒಂದು ಊಟಕ್ಕೆ. ಅವರು ಮಜ್ಲಿಸ್‌ಗೆ, ಅಂದರೆ ಅತಿಥಿಗಳ ಕೋಣೆಗೆ, ಕಾಲಿಡುವಾಗ ಎದುರಿನ ಗೋಡೆಯ ಮೇಲೆ ಎಡ್ಫು ಇರಬೇಕು, ಅದರ ಕೆಳಗೆ ನಿಂತು ತಾನು ಕ್ಷಮೆ ಕೇಳಬೇಕು. ಇನ್ನೊಂದು ಪ್ರಯಾಣ ಅವರಿಂದ ಆಗದು. ಉಸ್ತಾದರ ಬೇಡಿಕೆ ಇಷ್ಟೇ.

"ಆಗ್ತದೆ, ಇನ್ಶಾ ಅಲ್ಲಾ," ಅಂದ ಇಸ್ಮಾಯಿಲ್.

"ಆಗ್ತದೆ," ಅಂದರು ಪಿಂಟೋ ಸರ್, ನನ್ನ ಕಡೆ ನೋಡುತ್ತ. ಅವರು ಹಾಗೆ ನೋಡಿದರೆ ಕೆಲಸ ನನ್ನದೆಂದು ಅರ್ಥ.

ಪೈಪಿನಲ್ಲಿದ್ದ ಕಾಗದಗಳಿಗೆ ಚಪ್ಪಟೆಯಾಗಿ ಮಲಗುವುದೇ ಮರೆತಿತ್ತು. ಒಂದು ಕೊನೆ ಒತ್ತಿದರೆ ಇನ್ನೊಂದು ಕೊನೆ ಹಪ್ಪಳದಂತೆ ಏಳುತ್ತಿತ್ತು. ನಸು ತೇವದ ಬ್ಲಾಟಿಂಗ್ ಪೇಪರುಗಳ ನಡುವೆ ಇಟ್ಟು, ಮೇಲೆ ಹಲಗೆ, ಹಲಗೆಯ ಮೇಲೆ ಭಾರ. ನಮ್ಮಲ್ಲಿದ್ದ ಭಾರ ಸಾಲದೆ ಇಸ್ಮಾಯಿಲ್ ತನ್ನ ರೂಮಿನ ಅಕ್ಕಿ ಚೀಲಗಳನ್ನು ತಂದು ಹೇರಿದ. ಎರಡು ವಾರ ಅವನ ರೂಮಿನವರೆಲ್ಲ ಮ್ಯಾಕರೋನಿ ತಿಂದರು.

ಚೀಲ ಇಳಿಸಿದ ದಿನ ಆರನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿದೆವು. ಮರಳಿನ ಬಣ್ಣ, ಅದರ ಮೇಲೆ ತೆಳು ನೀಲಿ ಆಕಾಶ, ಸಂಜೆಯ ಬಿಸಿಲು. ನಮ್ಮ ಬೇಲೂರಿನ ಕಂಬಗಳನ್ನು ಹತ್ತು ಪಟ್ಟು ದಪ್ಪ ಮಾಡಿದರೆ ಹೇಗೋ ಹಾಗಿನ ಕಂಬಗಳು. ಮುಂದೆ ಮರಳಿನ ಮೇಲೆ ಕಡ್ಡಿಯಷ್ಟು ಗಾತ್ರದ ಮನುಷ್ಯರು, ಮುಂಡಾಸು ಸುತ್ತಿ ಕೂತಿದ್ದಾರೆ, ಒರಗಿದ್ದಾರೆ, ಹುಕ್ಕಾ ಸೇದುತ್ತಿದ್ದಾರೆ. ದೇವಾಲಯ ಎಷ್ಟು ದೊಡ್ಡದೆಂದು ತೋರಿಸಲು ಬರೆದವರು ಅವರು.

ಇಸ್ಮಾಯಿಲ್ ಒಂದೊಂದನ್ನೂ ಪರೀಕ್ಷೆ ಮಾಡಿದ. "ಅಕ್ಕ, ಇಷ್ಟು ದೊಡ್ಡ ಸೈಟಿನಲ್ಲಿ ಒಬ್ಬನಾದ್ರೂ ಕೆಲಸ ಮಾಡುದು ಕಾಣ್ತದಾ? ಎಲ್ಲ ಕೂತದ್ದೇ. ಇದಕ್ಕೆ ಕಫೀಲ್ ಇಲ್ಲ, ಧಣಿಯೇ ಇಲ್ಲ, ನೋಡಿ ಬೇಕಾದ್ರೆ."

"ಅಗೆಯೋಕೆ ಬಂದವರಲ್ಲಪ್ಪ ಅವರು. ಸುಮ್ನೆ ಬಂದವರು."

"ಸುಮ್ನೆ ಬಂದವನ ಚಿತ್ರವನ್ನು ನೂರೆಂಬತ್ತು ವರ್ಷ ಇಡ್ತಾರೆ. ನನ್ನ ಚಿತ್ರ ವೀಸಾದಲ್ಲಿ ಮಾತ್ರ, ಅದೂ ಎರಡು ವರ್ಷಕ್ಕೆ ಒಮ್ಮೆ ಬದಲು."

ಎಲ್ಲಕ್ಕಿಂತ ಕೊಳಕಾಗಿದ್ದದ್ದು ಎಡ್ಫು. ಯಾರ ಮನೆಯ ಯಾವ ಒಲೆಯ ಬಳಿ ತೂಗಿತ್ತೋ, ಅಂಚೆಲ್ಲ ಮಸಿ. ಬಣ್ಣ ಕೈಯಲ್ಲಿ ತುಂಬಿದ್ದರಿಂದ ನೀರು ತಾಗಿಸುವಂತಿಲ್ಲ. ಖುಬೂಸೇ ಗತಿ. ಆದರೆ ಅದು ರಂಜಾನ್ ತಿಂಗಳು. ಬೇಕರಿ ತೆರೆಯುವುದು ಸಂಜೆ. ಪಿಂಟೋ ಸರ್ ದಿನಕ್ಕೆ ಮೂರು ಬಾರಿ "ಯಲ್ಲಾ ಯಲ್ಲಾ, ಎಂತ ಆಯ್ತು?" ಎಂದು ಕೇಳುತ್ತಿದ್ದರು. ನಾನೊಂದು ಉಪಾಯ ಮಾಡಿದೆ. ಮಗಳಿಗೆಂದು ತಂದಿದ್ದ ಬ್ರೆಡ್ಡಿನ ಪೊಟ್ಟಣ ಮನೆಯಲ್ಲಿತ್ತು. ಹತ್ತಿಯಂತೆ ಮೃದು. ಅದನ್ನೇ ಒಯ್ದೆ.

ಎಂಥ ಬ್ರೆಡ್ಡು! ಮಸಿ ಹಾಗೇ ಎದ್ದು ಬಂತು. ಖುಬೂಸಿಗಿಂತ ಮೇಲು, ಇನ್ನು ಮುಂದೆ ಇದನ್ನೇ ತರಿಸೋಣ ಎಂದು ಪಿಂಟೋ ಸರ್ ಶಾಭಾಸ್‌ಗಿರಿ ಕೊಟ್ಟರು. ಅದು ಹಾಲು, ಸಕ್ಕರೆ ಬೆರೆಸಿದ ಸಿಹಿ ಬ್ರೆಡ್ಡು. ನನಗೆ ಹೊಳೆಯಲಿಲ್ಲ, ಮಗಳು ತಿನ್ನುವ ಬ್ರೆಡ್ಡನ್ನು ನಾನು ಯಾಕೆ ತಿನ್ನಲಿ. ಪಿಂಟೋ ಸರ್‌ಗೆ ಸಕ್ಕರೆ ಕಾಯಿಲೆ, ಬ್ರೆಡ್ಡೇ ಮುಟ್ಟುವುದಿಲ್ಲ. ಬೇರೆ ತಿಂಗಳಾಗಿದ್ದರೆ ಇಸ್ಮಾಯಿಲ್ ಮೊದಲ ತುತ್ತಿಗೇ "ಅಕ್ಕ, ಇದು ಸಿಹಿ ಉಂಟಲ್ಲ" ಅನ್ನುತ್ತಿದ್ದ. ಅವನಿಗೆ ಉಪವಾಸ. ಮೂಸಿ ಸಹ ನೋಡಲಿಲ್ಲ. ಕೊನೆಗೆ ಕುಂಚದಲ್ಲಿ ಪುಡಿ ಗುಡಿಸಿದೆ. ಯಾವಾಗಲೂ ಮೂರು ಸಲ ಗುಡಿಸುವವಳು ಅಂದು ಅವಸರದಲ್ಲಿ ಎರಡೇ ಸಲ ಗುಡಿಸಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈದ್ ಮುಗಿದ ವಾರ ಇಬ್ರಿಗೆ ಹೋಗಿ ಆರನ್ನೂ ತೂಗುಹಾಕಿದೆವು. ಮಜ್ಲಿಸಿನ ಗೋಡೆ ಸೊಟ್ಟಗಿತ್ತು. ಮಟ್ಟಗೋಲು ಒಂದು ಹೇಳಿದರೆ ಕಣ್ಣು ಇನ್ನೊಂದು ಹೇಳುತ್ತಿತ್ತು. ಇಂಥಲ್ಲಿ ಕಣ್ಣಿನ ಮಾತು ಕೇಳಬೇಕು, ಹುಡುಗಿಯರೇ. ಮಟ್ಟಗೋಲು ಆ ಮನೆಯಲ್ಲಿ ವಾಸ ಮಾಡುವುದಿಲ್ಲ. ಉಸ್ತಾದರು ಬಾಗಿಲಿನಿಂದ ಒಳಗೆ ಬಂದು, ಮತ್ತೆ ಹೊರಗೆ ಹೋಗಿ, ಮತ್ತೆ ಬಂದು, ಹೀಗೆ ಏಳೆಂಟು ಸಲ ಅತಿಥಿಯಾಗಿ ಬಂದು ನೋಡಿದರು. ಕಹ್ವಾ ಕಾಫಿ, ಹಲ್ವಾ, ಖರ್ಜೂರ ಆಯಿತು. ನಾವು ಹೊರಟೆವು.

ಒಂದು ವಾರದ ನಂತರ ಉಸ್ತಾದರ ಹೆಂಡತಿ ಉಮ್ ಖಾಲಿದ್ ಅವರಿಗೆ ಒಂದು ಸಂಶಯ ಬಂತು. ಅವರು ದಿನಾ ಚಿತ್ರಗಳ ಧೂಳು ಒರೆಸುವಾಗ ಅದರಲ್ಲಿರುವ ಜನರನ್ನು ಎಣಿಸುತ್ತಿದ್ದರಂತೆ. ಎಡ್ಫುವಿನಲ್ಲಿ ಮೊದಲ ದಿನ ಹನ್ನೊಂದು ಜನ. ಆಮೇಲೆ ಹದಿನಾಲ್ಕು. ಗಂಡನಿಗೆ ಹೇಳಿದರೆ, "ನಿನಗೆ ವಯಸ್ಸಾಯಿತು, ಕಣ್ಣು ಪರೀಕ್ಷೆ ಮಾಡಿಸು" ಅಂದರು. ಅವರು ಪೇಟೆಗೆ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದು ಎಣಿಸಿದರು. ಇಪ್ಪತ್ತಮೂರು. ಅದರಲ್ಲಿ ಕೆಲವರು ನಡೆಯುತ್ತಿದ್ದರು.

ಬುಧವಾರ ಮಧ್ಯಾಹ್ನ ಇಸ್ಮಾಯಿಲನ ಫೋನಿಗೆ ವಿಡಿಯೋ ಬಂತು. ದೇವಾಲಯದ ಚಾವಣಿಯಿಂದ ಆಕಾಶದವರೆಗೆ, ಗಾಜಿನ ಒಳಗೆ, ಶಿಸ್ತಾಗಿ, ಒಂದರ ಹಿಂದೆ ಒಂದು ಇರುವೆ.

ಇಸ್ಮಾಯಿಲ್ ಮೂರು ಸಲ ನೋಡಿ ಹೇಳಿದ, "ಅಕ್ಕ, ಕೊನೆಗೂ ಸೈಟಿಗೆ ಕೆಲಸದವರು ಬಂದ್ರು."

ನನಗೆ ನಗು ಬರಲಿಲ್ಲ. ಮೇಷ್ಟ್ರು ಬರುವುದು ಶುಕ್ರವಾರ. ಪಿಂಟೋ ಸರ್ ವಿಡಿಯೋ ನೋಡಿದರು, ನನ್ನನ್ನು ನೋಡಿದರು.

"ಆ ಬ್ರೆಡ್ಡು ಯಾವುದು, ಸುಮಿತ್ರಮ್ಮ?"

"ಮಗಳ ಮಿಲ್ಕ್ ಬ್ರೆಡ್, ಸರ್."

"ಸಿಹಿಯದ್ದಾ?"

ನಾನು ನೆಲ ನೋಡಿದೆ. ಗುಡಿಸಿದ್ದು ಎರಡೇ ಸಲವೆಂಬುದನ್ನೂ ಆಗ ಹೇಳಿಬಿಟ್ಟೆ. ಸರ್ ಬೈಯಲಿಲ್ಲ. "ನಾಳೆ ಬೆಳಿಗ್ಗೆ ಐದಕ್ಕೆ ವ್ಯಾನ್ ಹೊರಡ್ತದೆ. ಮೌಂಟ್, ಕಟರ್, ಎಲ್ಲ ತಕ್ಕೊಳ್ಳಿ" ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಗುರುವಾರ ಎಂಟಕ್ಕೆಲ್ಲ ಇಬ್ರಿಯಲ್ಲಿದ್ದೆವು. ಬಾಗಿಲು ತೆಗೆದ ಉಮ್ ಖಾಲಿದ್ ಕೈಯಲ್ಲಿ ಜಿರಳೆ ಹೊಡೆಯುವ ಸ್ಪ್ರೇ ಡಬ್ಬಿ. ನಮ್ಮನ್ನು ಒಳಗೆ ಬಿಟ್ಟು ಮತ್ತೆ ಗೋಡೆಯ ಕಡೆ ಗುರಿ ಹಿಡಿದರು. ನಾನು ಚಪ್ಪಲಿ ಬಿಡುವುದನ್ನೂ ಮರೆತು "ಲಾ, ಲಾ, ಬೇಡಮ್ಮಾ!" ಎಂದು ಕೂಗುತ್ತ ಅಡ್ಡ ನಿಂತೆ. ಆ ಎಣ್ಣೆ ಕಾಗದಕ್ಕೆ ಬಿದ್ದರೆ ಹಪ್ಪಳ ಕರಿದಂತೆ ಕಲೆಯಾಗುತ್ತದೆ. ಒಂದಿಷ್ಟು ನನ್ನ ದುಪ್ಪಟ್ಟಾದ ಮೇಲೆ ಬಿತ್ತು. ಆ ದಿನವಿಡೀ ಒಂದು ನೊಣವೂ ನನ್ನ ಹತ್ತಿರ ಬರಲಿಲ್ಲ.

ಆರನ್ನೂ ಇಳಿಸಿ ಮಜ್ಲಿಸಿನ ಜಮಖಾನದ ಮೇಲೆ ಬಿಳಿ ಬಟ್ಟೆ ಹಾಸಿ ಬಿಚ್ಚಿದೆವು. ಐದು ಚಿತ್ರಗಳಲ್ಲಿ ಏನೂ ಇಲ್ಲ. ಎಡ್ಫುವಿನ ಹಿಂದಿನ ರಟ್ಟು ತೆಗೆದಾಗ ಇಸ್ಮಾಯಿಲ್ ಸಣ್ಣಗೆ ಶಿಳ್ಳೆ ಹಾಕಿದ. ಮೌಂಟಿನ ಸಂದಿಯಲ್ಲಿ ಬ್ರೆಡ್ಡಿನ ಪುಡಿ ಸಾಲಾಗಿ ದಾಸ್ತಾನಾಗಿತ್ತು. ಸುತ್ತ ನೂರಾರು ಇರುವೆಗಳು, ಮೊಟ್ಟೆಗಳೊಡನೆ, ಕಾಯಂ ವಾಸಕ್ಕೆ ಬಂದವರಂತೆ.

"ಇದು ಅಮೇರಾತಿನ ಇರುವೆ ಅಲ್ಲ ಅಕ್ಕ, ಇಬ್ರಿಯದ್ದು. ನಮ್ಮ ವರ್ಕ್‌ಶಾಪಿನ ಮೇಲೆ ಬರ್ಬಾರ್ದು."

"ಅವುಗಳ ಊರು ಆಮೇಲೆ ಕೇಳೋಣ ಕಣಪ್ಪ. ಈಗ ಹೊರಗೆ ಕಳಿಸೋದು ಹೇಗೆ ಹೇಳು."

ಕುಂಚ ತಾಗಿಸಿದರೆ ಚೆದುರಿ ಚಿತ್ರದ ಮೇಲೇ ಓಡುತ್ತವೆ. ಒತ್ತಿದರೆ ಕಲೆ. ಆಗ ಇಸ್ಮಾಯಿಲ್ ಉಮ್ ಖಾಲಿದ್ ನಮಗೆಂದು ತಂದಿಟ್ಟ ತಟ್ಟೆಯಲ್ಲಿದ್ದ ಒಮಾನಿ ಹಲ್ವಾ ನೋಡಿದ, ನಾನೂ ನೋಡಿದೆ. ಗುಲಾಬಿ ನೀರು, ಕೇಸರಿ, ತುಪ್ಪ ಹಾಕಿ ಕಾಯಿಸಿದ ಆ ಅಂಟು ಹಲ್ವಾದ ಮುಂದೆ ನನ್ನ ಮಗಳ ಬ್ರೆಡ್ಡು ಯಾವ ಲೆಕ್ಕ? ಒಂದು ಚಮಚ ಹಲ್ವಾವನ್ನು ಬೇರೊಂದು ತಟ್ಟೆಗೆ ಹಾಕಿ, ಮೌಂಟಿನ ಪಟ್ಟಿಯೊಂದನ್ನು ಕಾಗದದ ಅಂಚಿನಿಂದ ತಟ್ಟೆಗೆ ಸೇತುವೆಯಂತೆ ಇಟ್ಟೆವು. ಕಾದೆವು. ಹತ್ತು ನಿಮಿಷ ಯಾರೂ ಬರಲಿಲ್ಲ. ಆಮೇಲೆ ಒಂದು ಇರುವೆ ಸೇತುವೆ ದಾಟಿ ಹೋಗಿ, ರುಚಿ ನೋಡಿ, ತಿರುಗಿ ಬಂದು ಸುದ್ದಿ ಹೇಳಿತು. ಆಮೇಲೆ ನೋಡಬೇಕು, ವರ್ಗಾವಣೆ ಆದೇಶ ಬಂದಂತೆ, ಮೊಟ್ಟೆ ಗಂಟುಮೂಟೆ ಸಮೇತ ಸಾಲು ಸಾಲಾಗಿ ಹೊರಟವು. ತಟ್ಟೆ ತುಂಬಿದಾಗ ಇಸ್ಮಾಯಿಲ್ ಅದನ್ನು ತೋಟಕ್ಕೆ ಒಯ್ದು ಬೇರೆ ತಟ್ಟೆ ಇಡುತ್ತಿದ್ದ. ಉಸ್ತಾದ್ ಸಾಲಿಂ ಸ್ಟೂಲಿನ ಮೇಲೆ ಕೂತು ಪ್ರಾರ್ಥನೆ ಗೀತೆಗೆ ನಿಂತ ಮಕ್ಕಳನ್ನು ನೋಡುವಂತೆ ಸಾಲನ್ನೇ ನೋಡುತ್ತಿದ್ದರು. "ಎಷ್ಟು ಹೊತ್ತು?" ಎಂದು ಕೇಳಿದರು. "ಸಂಜೆಯೊಳಗೆ ಗೋಡೆಗೆ ಹಾಕ್ತೇವೆ ಉಸ್ತಾದ್, ಖಂಡಿತ," ಅಂದೆ. ಮೇಷ್ಟ್ರು ಬರುವುದು ನಾಳೆ ತಾನೆ?

ಹನ್ನೆರಡೂವರೆಗೆ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಮಗನಿಗೆ ಶುಕ್ರವಾರ ಡ್ಯೂಟಿ ಬಿದ್ದಿತಂತೆ. ಅದಕ್ಕೆ ಅಪ್ಪನನ್ನು ಇವತ್ತೇ ಕರೆತಂದಿದ್ದ. ಫೋನು ಮಾಡಿದ್ದನಂತೆ. ಉಸ್ತಾದರ ಫೋನು ನಮ್ಮ ಬಟ್ಟೆಯ ಕೆಳಗೆಲ್ಲೋ ಸೈಲೆಂಟಿನಲ್ಲಿತ್ತು.

ಎತ್ತರದ, ಬಾಗಿದ ಮುದುಕರು, ಬಾಟಲಿಯ ತಳದಂಥ ದಪ್ಪ ಕನ್ನಡಕ, ಮಗನ ತೋಳು ಹಿಡಿದು ಬಾಗಿಲಲ್ಲಿ ನಿಂತರು. ಎದುರಿನ ಗೋಡೆಯ ಮೇಲೆ ಆರು ಖಾಲಿ ಕೊಕ್ಕೆಗಳು. ನೆಲದ ಮೇಲೆ ಗಾಜು, ಚೌಕಟ್ಟು, ರಟ್ಟು, ಹಲ್ವಾ, ಇರುವೆ, ನಾನು. ಉಸ್ತಾದ್ ಸಾಲಿಂ ಅವರ ಮುಖ ನೋಡಲಾಗಲಿಲ್ಲ. ಎರಡು ಸಲ ಗುಡಿಸಿದ್ದರ ಫಲ ಇದು.

ಉಸ್ತಾದ್ ಫೌಜಿ ಖಾಲಿ ಗೋಡೆಯ ಕಡೆ ಮುಖ ಮಾಡಿ, "ಮಾಶಾ ಅಲ್ಲಾ, ಗೋಡೆಯ ಬಣ್ಣ ಚೆನ್ನಾಗಿದೆ" ಅಂದರು. ಇಸ್ಮಾಯಿಲ್ ನನ್ನ ಕಿವಿಯಲ್ಲಿ ಎಲ್ಲವನ್ನೂ ಅರಬಿಯಿಂದ ಕನ್ನಡ ಮಾಡುತ್ತಿದ್ದ. ಆಗ ನನಗೆ ಅರ್ಥವಾಯಿತು, ಅವರಿಗೆ ಗೋಡೆಯೇ ಸರಿಯಾಗಿ ಕಾಣುತ್ತಿರಲಿಲ್ಲ. ನಾವು ಚಿತ್ರಗಳನ್ನು ತೂಗಿದ್ದರೂ ಅಷ್ಟು ಎತ್ತರದಲ್ಲಿ, ಹೊಳೆಯುವ ಗಾಜಿನ ಹಿಂದೆ, ಅವರಿಗೆ ಆರು ಬೆಳ್ಳಗಿನ ಚೌಕಗಳಷ್ಟೇ ಕಾಣುತ್ತಿದ್ದವು.

ಉಸ್ತಾದ್ ಸಾಲಿಂಗೂ ಅದು ಗೊತ್ತಾಯಿತೆಂದು ಕಾಣುತ್ತದೆ. ಮೇಷ್ಟ್ರ ಕೈ ಹಿಡಿದು, "ಉಸ್ತಾದ್, ಕೆಳಗೆ ಕೂತುಕೊಳ್ಳಬಹುದೇ?" ಅಂದರು. ಮುದುಕರು ಮೊಣಕಾಲೂರಿ ಕೂತು, ಎಡ್ಫುವಿನ ಮೇಲೆ ಬಾಗಿದರು. ಕಾಗದಕ್ಕೂ ಮೂಗಿಗೂ ನಡುವೆ ನಾಲ್ಕು ಬೆರಳು. ಬಿಚ್ಚಿದ ಚಿತ್ರದ ಮೇಲೆ ಉಸಿರು ಬೀಳಬಾರದು, ಬೆವರು ಬೀಳಬಾರದು ಎಂದು ನಾನೇ ಎಷ್ಟು ಗಿರಾಕಿಗಳಿಗೆ ಹೇಳಿಲ್ಲ! ಅಂದು ಬಾಯಿ ತೆರೆಯಲಿಲ್ಲ.

ಮೂಗು ಮರಳಿನಿಂದ ಕಂಬಕ್ಕೆ, ಕಂಬದಿಂದ ಚಾವಣಿಗೆ ಮೆಲ್ಲನೆ ಹತ್ತಿತು. ಅಲ್ಲಿ ನಿಂತಿತು. ಬಹಳ ಹೊತ್ತು ನಿಂತಿತು.

"ಇದು ಯಾರು ಬರೆದದ್ದು?"

"ಒಬ್ಬ ಪರದೇಶಿ, ಉಸ್ತಾದ್. ಬಹಳ ಹಿಂದೆ. ಕಣ್ಣಾರೆ ನೋಡಿ ಬರೆದದ್ದು."

"ಮನೆಗಳಿವೆ," ಅಂದರು ಮುದುಕರು. "ಸರ್ಕಾರದವರು ಮರಳು ತೆಗೆಯುವಾಗ ನಮ್ಮವರನ್ನು ಕೆಳಗಿಳಿಸಿದರು. ನಮ್ಮ ಮನೆಯಲ್ಲಿ ಈಗಲೂ 'ನಾವು ಮೇಲಿದ್ದಾಗ' ಎಂದೇ ಹೇಳುವುದು. ಫೋಟೋ ಇಲ್ಲ, ಏನೂ ಇಲ್ಲ. ಕೊನೆಕೊನೆಗೆ ನನಗೇ ಸಂಶಯ ಬಂದಿತ್ತು." ಅಷ್ಟರಲ್ಲಿ ಹಲ್ವಾಕ್ಕೆ ಹೋಗದೆ ಉಳಿದಿದ್ದ ಒಂದು ಇರುವೆ ಚಾವಣಿಯ ಮೇಲೆ ನಿಧಾನವಾಗಿ ನಡೆದುಬಂತು. ಮುದುಕರು ಇನ್ನೂ ಬಾಗಿದರು. "ಇದು ಯಾರು?"

ನಾನು ಕುಂಚ ಎತ್ತಿಕೊಳ್ಳುವಷ್ಟರಲ್ಲಿ ಅವರೇ ಹೇಳಿದರು:

"ನನ್ನ ಮುತ್ತಜ್ಜ ಇರಬೇಕು. ಏನು ಹೇಳಿದರೂ ಮನೆ ಬಿಡಲಿಲ್ಲವಂತೆ."

ಮೊದಲು ನಕ್ಕವರು ಉಮ್ ಖಾಲಿದ್, ಪರದೆಯ ಹಿಂದಿನಿಂದ. ಆ ನಗುವಿನಲ್ಲೇ ಉಸ್ತಾದ್ ಸಾಲಿಂ, ಅರವತ್ತು ದಾಟಿದ ಹೆಡ್‌ಮಾಸ್ಟರು, ಎದ್ದು ಕೈಕಟ್ಟಿ ನಿಂತು ಹೇಳಿದರು: "ಉಸ್ತಾದ್, ಅಂದು ನಾನು ನಕ್ಕಿದ್ದೆ. ಒಂಟೆಯ ಮಾತು ಆಡಿದ್ದೆ. ಕ್ಷಮಿಸಿ."

"ಮೂರನೆಯ ಸಾಲು, ಕಿಟಕಿಯ ಪಕ್ಕ," ಅಂದರು ಮೇಷ್ಟ್ರು ತಲೆ ಎತ್ತದೆ. "ಕೂತುಕೋ. ನಿನ್ನ ಒಂಟೆಯ ಮಾತು ನನ್ನ ಮಕ್ಕಳಿಗೆಲ್ಲ ಹೇಳಿ ನಗಿಸಿದ್ದೇನೆ."

ನಂತರ ನಡೆದದ್ದನ್ನು ತಡೆಯಲು ನನಗೆ ಸಮಯ ಸಿಗಲಿಲ್ಲ. ಮುದುಕರು ಜುಬ್ಬಾದ ಜೇಬಿನಿಂದ ಮೋಟು ಪೆನ್ಸಿಲ್ ತೆಗೆದರು. ನಲವತ್ತು ವರ್ಷ ನೋಟ್‌ಬುಕ್ ತಿದ್ದಿದ ಕೈ, ಯೋಚನೆ ಮಾಡಲಿಲ್ಲ. ಚಾವಣಿಯ ಮನೆಗಳ ನೇರಕ್ಕೆ, ನಾನು ಅಷ್ಟು ಕಷ್ಟಪಟ್ಟು ಬೆಳ್ಳಗೆ ಮಾಡಿದ ಬಲಗಡೆಯ ಅಂಚಿನಲ್ಲಿ, ಒಂದು ದೊಡ್ಡ ರೈಟ್ ಮಾರ್ಕ್ ಎಳೆದು ಕೆಳಗೆ ಸಣ್ಣ ಸಹಿ ಹಾಕಿದರು.

"ಯಾ ಅಲ್ಲಾ," ಅಂದ ಇಸ್ಮಾಯಿಲ್, ಯಾವ ಭಾಷೆಗೂ ತಿರುಗಿಸದೆ.

ಅವರೆಲ್ಲ ಊಟಕ್ಕೆ ಹೋದ ಮೇಲೆ ನಾನು ರಬ್ಬರು ಕೈಯಲ್ಲಿ ಹಿಡಿದು ಕೂತೆ. ಪೆನ್ಸಿಲ್ ತಾನೆ, ಮೆಲ್ಲಗೆ ಒತ್ತಿದರೆ ಹೋಗುತ್ತದೆ. ಬಾಗಿಲಲ್ಲಿ ಉಸ್ತಾದ್ ಸಾಲಿಂ ನಿಂತಿದ್ದರು. "ಅಳಿಸುವುದು ಬೇಡ," ಅಂದರು. "ರಟ್ಟಿನ ಕಿಟಕಿ ದೊಡ್ಡದು ಮಾಡಿ. ಅದು ಕಾಣಬೇಕು."

ವ್ಯಾನಿನಿಂದ ಹೊಸ ಮೌಂಟ್ ತಂದು ಕೈಯಲ್ಲೇ ಕತ್ತರಿಸಿದೆ. ಮೂರು ಕಡೆ ಸರಿ ಅಳತೆ, ಬಲಕ್ಕೆ ಎರಡು ಬೆರಳು ಹೆಚ್ಚು. ಅದಕ್ಕೂ ಮೊದಲು ಕಾಗದವನ್ನು ಗುಡಿಸಿದ್ದು ಮೂರು ಸಲ ಅಲ್ಲ, ಒಂಬತ್ತು ಸಲ. ಮೇಷ್ಟ್ರು ಹೊರಡುವ ಹೊತ್ತಿಗೆ ಆರೂ ಗೋಡೆಯ ಮೇಲಿದ್ದವು. ಅವರು ಬಾಗಿಲಲ್ಲಿ ತಿರುಗಿ ಆ ಕಡೆ ಕೈ ಎತ್ತಿದರು, ಏನು ಕಂಡಿತೋ ಕಾಣೆ.

ಪಿಂಟೋ ಸರ್‌ಗೆ ಫೋಟೋ ಕಳಿಸಿದೆ. ತಕ್ಷಣ ಫೋನು ಬಂತು.

"ಎಂತ ಸುಮಿತ್ರಮ್ಮ, ಬಲಗಡೆ ಎರಡು ಬೆರಳು ಜಾಸ್ತಿ ಉಂಟಲ್ಲ? ಕುರುಡನಿಗೂ ಕಾಣ್ತದೆ. ಯಾರು ಕತ್ತರಿಸಿದ್ದು?"

"ನಾನೇ ಸರ್. ಫೋಟೋ ದೊಡ್ಡದು ಮಾಡಿ ನೋಡಿ. ಚಾವಣಿ ಪಕ್ಕ."

ಆ ಕಡೆಯಿಂದ ಟೈರ್ ಅಂಗಡಿಯ ಗಾಳಿ ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ ಸಪ್ಪಳ.

"ಹಾಗೇ ಇರ್ಲಿ," ಅಂದರು ಸರ್. "ಮೇಷ್ಟ್ರು ರೈಟ್ ಹಾಕಿದ ಮೇಲೆ ನಾವು ಎಂತ ತಿದ್ದುದು?"